ಮೂರೂ ಪಾಸಿಟಿವ್

ಡಾ. ಶಿವಕಿರಣ್ ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಎರಡು ತಿಂಗಳಲ್ಲಿ ಐದು ಟೆಸ್ಟ್. ರೇಂಜ್‌ನಲ್ಲಿ ಇರೋದು ಒಂದೇ ಒಂದು. ಹಿಂಗಾದ್ರೆ ಕಷ್ಟ ಮೇಡಂ."

ಸರ್ವಮಂಗಳಾ ಮಡಿಲಲ್ಲಿದ್ದ ಪ್ಲಾಸ್ಟಿಕ್ ಫೈಲನ್ನು ಮೇಜಿನ ಮೇಲಿಟ್ಟಳು. ಬೆಳಗಿನ ಪಾಳಿ ಮುಗಿಸಿ, ಸೀರೆಯ ಮೇಲಿನ ಖಾಕಿ ಅಂಗಿಯನ್ನೂ ಬಿಚ್ಚದೆ ಬನಶಂಕರಿ ಬಸ್ ನಿಲ್ದಾಣದಿಂದ ಜಯನಗರದ ಈ ಆಸ್ಪತ್ರೆಗೆ ನೇರವಾಗಿ ಬಂದಿದ್ದಳು. ಹನ್ನೊಂದು ವರ್ಷದಿಂದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮುಂಗೈ ಮೇಲೆ ಮೂರು ಕಡೆ ನೀಲಿ ಕಲೆಗಳಿದ್ದವು. ಬಸ್ಸಿನ ಕಂಬಕ್ಕೆ ಕೈ ತಗುಲಿದರೆ ಬೇರೆಯವರಿಗೆ ನೋವಾಗುತ್ತದೆ, ಅವಳಿಗೆ ಕಲೆಯಾಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆಯನ್ನು ಐದು ವರ್ಷದಿಂದ ದಿನವೂ ನುಂಗುತ್ತಿರುವುದರ ಗುರುತು ಅದು.

ಆ ಗುಳಿಗೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಆಗಾಗ ರಕ್ತ ಕೊಟ್ಟು ಐಎನ್‌ಆರ್ ಎಂಬ ಸಂಖ್ಯೆ ನೋಡಬೇಕು. ಅವಳಿಗೆ ಅದು ಎರಡರಿಂದ ಮೂರರ ನಡುವೆ ಇರಬೇಕು. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ಡಿಸೆಂಬರ್ 3ಕ್ಕೆ 1.7 ಇತ್ತು. ಡೋಸ್ ಏರಿಸಿದರು. 17ಕ್ಕೆ 3.8. ಇಳಿಸಿದರು. 31ಕ್ಕೆ 2.4. ಜನವರಿ 14ಕ್ಕೆ 1.6. ಮತ್ತೆ ಏರಿಸಿದರು. ನಿನ್ನೆ, 28ಕ್ಕೆ, 1.5.

"ಸೊಪ್ಪು ತಿಂತೀರಾ? ಅದು ಈ ಗುಳಿಗೆಯ ಬಲ ತಗ್ಗಿಸುತ್ತೆ."

"ಇಲ್ರಿ. ನೀವು ಕೊಟ್ಟ ಚೀಟಿ ಫ್ರಿಜ್ಜಿಗೆ ಅಂಟಿಸೀನ್ರಿ. ಪಾಲಕ್, ದಂಟು, ಎಲ್ಲಾ ಬಿಟ್ಟೀನಿ."

"ಹಂಗಾದ್ರೆ ನಿಮಗೆ ವಾರ್ಫರಿನ್ ಸೂಟ್ ಆಗ್ತಿಲ್ಲ. ಬದಲಾಯಿಸೋಣ. ಇದು ಹೊಸ ತರದ್ದು, ದಿನಕ್ಕೊಂದು. ಇವತ್ತು ಹಳೇದು ನಿಲ್ಲಿಸಿ, ರಾತ್ರಿ ಊಟದ ಜೊತೆ ಇದನ್ನ ತಗೊಳ್ಳಿ. ರಕ್ತ ಪರೀಕ್ಷೆ ಬೇಡ, ಪಥ್ಯ ಬೇಡ. ಆರಾಮಾಗಿರಿ."

"ನನ್ನ ಜಡ್ಡಿಗೆ ಇದು ನಡೀತೈತೇನ್ರಿ?"

"ಕಾಲಿನ ಕ್ಲಾಟ್ ತಾನೆ? ಈಗ ಎಲ್ರಿಗೂ ಇದೇ ಕೊಡೋದು."

"ಅಷ್ಟ ಅಲ್ರಿ ಸರ. ಫೈಲ್‌ನಾಗ—"

"ಫೈಲ್ ಬೇಡ ಮೇಡಂ, ಎಲ್ಲಾ ಸಿಸ್ಟಮ್‌ನಲ್ಲಿದೆ." ಅವರು ಗಂಟೆ ಒತ್ತಿದರು. ಮುಂದಿನ ಟೋಕನ್‌ನವರು ಬಾಗಿಲು ತಳ್ಳಿ ಒಳಗೆ ಬಂದೇಬಿಟ್ಟರು.

ಮೆಟ್ಟಿಲಿಳಿಯುವಾಗ ಅವಳಿಗೆ ಕೋಪಕ್ಕಿಂತ ಮೊದಲು ಬಂದದ್ದು ಅನುಮಾನ. ಕಾಲಿನ ಕ್ಲಾಟ್ ಅವಳ ಕಾಯಿಲೆಯಲ್ಲ, ಕಾಯಿಲೆಯ ಒಂದು ಫಲ. ಐದು ವರ್ಷದ ಹಿಂದೆ, ಎರಡನೆಯ ಬಸಿರಿಗೆಂದು ರೋಣದ ತವರಿಗೆ ಹೋಗಿದ್ದಳು. ಮೊದಲನೆಯದರಂತೆ ಅದೂ ಐದನೇ ತಿಂಗಳಲ್ಲಿ ಹೋಯಿತು. ಅದಾಗಿ ಒಂಬತ್ತನೇ ದಿನ ಎಡಗಾಲು ಊದಿತು. ಹನ್ನೊಂದನೇ ದಿನ ಉಸಿರು ಕಟ್ಟಿತು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಏರಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದಳು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ರಕ್ತವನ್ನು ಹೆಪ್ಪುಗಟ್ಟಿಸುವ ಕಾಯಿಲೆ ಇದು ಎಂದು ಅಲ್ಲಿನ ವೈದ್ಯೆ ಹೇಳಿದ್ದರು. ಮೂರು ಬಗೆಯ ಪರೀಕ್ಷೆ ಮಾಡಿಸಿದರು, ಹನ್ನೆರಡು ವಾರ ಬಿಟ್ಟು ಮೂರನ್ನೂ ಮತ್ತೆ ಮಾಡಿಸಿದರು. ಎರಡು ಸಲವೂ ಮೂರೂ ಪಾಸಿಟಿವ್. ಎರಡನೇ ಸಲದ್ದನ್ನು ವೈದ್ಯೆ ಡಿಸ್ಚಾರ್ಜ್ ವರದಿಯ ಎರಡನೇ ಪುಟದ ಹಿಂಬದಿಯಲ್ಲಿ ಬರೆದು ಸಹಿ ಹಾಕಿದ್ದರು. "ಇದನ್ನ ಯಾವ ಡಾಕ್ಟರ್ ಹತ್ರ ಹೋದ್ರೂ ಮೊದಲು ತೋರಿಸ್ಬೇಕು" ಎಂದು ಆಕೆ ಹೇಳಿದ್ದು ಸರ್ವಮಂಗಳಾಗೆ ಈಗಲೂ ಕಿವಿಯಲ್ಲಿತ್ತು. ಜಯನಗರದಲ್ಲಿ ಅವಳನ್ನು ನೋಡುತ್ತಿದ್ದ ಹಿರಿಯ ವೈದ್ಯರಿಗೆ ಅದು ಗೊತ್ತಿತ್ತು. ಅವರು ನವೆಂಬರ್‌ನಲ್ಲಿ ನಿವೃತ್ತರಾದರು.

ಬಿಟಿಎಂನ ತನ್ನ ಮನೆಯ ತಿರುವಿನಲ್ಲಿರುವ ಔಷಧದಂಗಡಿಯಲ್ಲಿ ಅವಳು ಚೀಟಿ ಕೊಟ್ಟಳು. ಅಂಗಡಿಯ ಇಂದ್ರಾಣಿ ಡಬ್ಬಿಯಿಂದ ಒಂದು ಪಟ್ಟಿ ಎಳೆದು ಕತ್ತರಿಗೆ ಕೈ ಹಾಕಿದರು.

"ಮೇಡಂ, ಡಬ್ಬಿಯೊಳಗ ಒಂದು ಕಾಗದ ಇರ್ತೈತಲ್ರಿ, ಅದನ್ನ ಕೊಡ್ರಿ."

"ಅಯ್ಯೋ, ಎಲ್ರೂ ಅದನ್ನ ಬಿಸಾಕ್ತಾರೆ. ಇರುವೆ ಸಾಲು ಇದ್ದಂಗಿದೆ ಅಕ್ಷರ. ಭೂತಕನ್ನಡಿ ಇದೆಯಾ ಮನೇಲಿ?"

"ಮೊಬೈಲ್ ಐತ್ರಿ. ಫೋಟೋ ತಗದು ದೊಡ್ಡದು ಮಾಡ್ತೀನಿ."

"ಕಂಡಕ್ಟರ್ ಕಣ್ಣು ನಿಮ್ದು," ಇಂದ್ರಾಣಿ ನಕ್ಕು ಹತ್ತು ಮಡಿಕೆಯ ಕಾಗದ ಬಿಡಿಸಿಕೊಟ್ಟರು. "ಓದಿ, ಓದಿ. ತಲೆನೋವು ಬಂದ್ರೆ ಅದಕ್ಕೂ ಮಾತ್ರೆ ಇದೆ ನನ್ನ ಹತ್ರ."

ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಅವಳು ಓದಿದಳು. ಇಂಗ್ಲಿಷ್ ಅಷ್ಟೇನೂ ಕಷ್ಟವಿರಲಿಲ್ಲ, ಔಷಧದ ಇಂಗ್ಲಿಷ್ ಕಷ್ಟ. ಆದ್ದರಿಂದ ಅರ್ಥ ಹುಡುಕದೆ ಪದ ಹುಡುಕಿದಳು. ಫೈಲಿನಿಂದ ಹುಬ್ಬಳ್ಳಿಯ ಡಿಸ್ಚಾರ್ಜ್ ವರದಿಯ ಎರಡನೇ ಪುಟ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಪಾಸಿನ ನಂಬರನ್ನು ಗುರುತಿನ ಚೀಟಿಯ ನಂಬರಿಗೆ ಹಿಡಿದು ನೋಡುವ ಹಾಗೆ ತನ್ನ ಕಾಯಿಲೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಿಡಿಯುತ್ತ ಬಂದಳು. ಆ್ಯಂಟಿ ಫಾಸ್ಫೋ ಲಿಪಿಡ್. ಎಚ್ಚರಿಕೆಗಳ ಭಾಗದಲ್ಲಿ ಸಿಕ್ಕಿತು. ಈ ಕಾಯಿಲೆ ಇದ್ದು, ಹಿಂದೆ ಹೆಪ್ಪುಗಟ್ಟಿದವರಿಗೆ ಈ ಔಷಧವನ್ನು ಶಿಫಾರಸು ಮಾಡುವುದಿಲ್ಲ. ಅದರಲ್ಲೂ ಮೂರೂ ಪರೀಕ್ಷೆ ಪಾಸಿಟಿವ್ ಬಂದವರಿಗೆ. ಕೆಳಗೆ ಆ ಮೂರು ಪರೀಕ್ಷೆಗಳ ಹೆಸರುಗಳು, ಅವಳ ಎರಡನೇ ಪುಟದಲ್ಲಿದ್ದವೇ.

ಮೂರು ಸಲ ಓದಿ ಖಚಿತಪಡಿಸಿಕೊಂಡಳು. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರ್ ಹೊರಟಾಗಿದೆ, ನಾಳೆ ಹತ್ತಕ್ಕೆ ಸಿಗುತ್ತಾರೆ ಎಂದು ಆಪರೇಟರ್ ಹೇಳಿದಳು. ಹಾಗಾದರೆ ತುರ್ತು ಘಟಕಕ್ಕೆ ಕೊಡಿ ಎಂದಳು ಸರ್ವಮಂಗಳಾ. ಅಲ್ಲಿಯವರು "ಉಸಿರಾಟಕ್ಕೆ ತೊಂದರೆ ಇದೆಯಾ? ಕಾಲು ಊದಿದೆಯಾ? ಇಲ್ಲ ಅಂದ್ರೆ ಡಾಕ್ಟರ್ ಹೇಳಿದ್ದನ್ನೇ ತಗೊಳ್ಳಿ" ಎಂದು ಫೋನ್ ಇಟ್ಟರು.

ಗಂಡ ಚನ್ನವೀರ ಏಳೂವರೆಗೆ ಬಂದ. ಬಿಟಿಎಂನಲ್ಲೇ ಒಂದು ಕಚೇರಿಯ ಕಟ್ಟಡ ನೋಡಿಕೊಳ್ಳುವ ಕೆಲಸ ಅವನದು. ಹೊಸ ಗುಳಿಗೆಯ ಪಟ್ಟಿ ನೋಡಿ ಅವನ ಮುಖ ಅರಳಿತು.

"ಬದ್ಲಿ ಮಾಡಿದ್ರೇನು? ಚಲೋ ಆತು ಬಿಡು. ಹದಿನೈದು ದಿನಕ್ಕೊಮ್ಮೆ ರಕ್ತ ಕೊಡೂದು ತಪ್ತು."

"ಇದನ್ನ ನಾ ತಗೊಳ್ಳಂಗಿಲ್ರೀ."

ಅವಳು ಕಾಗದ ತೋರಿಸಿದಳು. ಅವನು ಮೊಬೈಲಿನ ಫೋಟೋ ದೊಡ್ಡದು ಮಾಡಿ ಓದಿದ. ಓದಿದ ಮೇಲೂ ಒಪ್ಪಲಿಲ್ಲ.

"ಇಂಥಾ ಕಾಗದದಾಗ ಎಲ್ಲಾ ಬರದಿರ್ತಾರ. ನೆಗಡಿ ಗುಳಿಗಿ ಕಾಗದ ಓದು, ಸಾಯ್ತೀಯ ಅಂತ ಇರ್ತೈತಿ. ಡಾಕ್ಟರ್‌ಕಿಂತ ಶಾಣ್ಯಾಕಿ ಆಗೀಯೇನು ನೀ?"

"ಶಾಣ್ಯಾಕಿ ಅಲ್ರೀ. ಅವರು ಓದಲಾರದ್ದು ನಾ ಓದೀನಿ, ಅಷ್ಟ."

"ಹುಬ್ಬಳ್ಳಿಯಾಗ ನಿನ್ನ ಸ್ಟ್ರೆಚರ್ ಹಿಂದ ಓಡಿದಾಂವ ನಾನು ಮಂಗಳಾ. ನೀನಲ್ಲ. ನಿನಗ ಎಚ್ಚರ ಇರ್ಲಿಲ್ಲ." ಅವನು ಮೊಬೈಲನ್ನು ಅವಳಿಗೆ ಮರಳಿಸಿದ. "ಹಳೇದು ಬಿಟ್ಟು, ಹೊಸಾದೂ ಬಿಟ್ಟು ಕುಂತ್ರ ಮತ್ತ ಓಡ್ಬೇಕು ನಾ."

"ಎರಡೂ ಬಿಡಂಗಿಲ್ಲ. ಎರಡೂ ಕೂಡಿಸಿ ನುಂಗಂಗೂ ಇಲ್ಲ. ಈ ರಾತ್ರಿ ಹಳೇದು, ಎಷ್ಟು ದಿನಾ ತಗೋತಿದ್ನೋ ಅಷ್ಟ. ಮುಂಜಾನೆ ಡಾಕ್ಟರ್ ಮುಂದ ನಿಂದಿರ್ತೀನಿ. ಅವರು ಎರಡನೇ ಪುಟ ಓದ್ಲಿ. ಓದಿದ ಮ್ಯಾಲೂ ಹೊಸಾದ ಬೇಕು ಅಂದ್ರ, ಯಾಕ ಅಂತ ಬರದು ಕೊಡ್ಲಿ."

ಚನ್ನವೀರ ತಟ್ಟೆ ಎಳೆದುಕೊಂಡ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮಾತು ಬೇಡವಾದಾಗ ಅವನು ಮಾಡುವಂತೆ ತಲೆ ತಗ್ಗಿಸಿ ತಿನ್ನತೊಡಗಿದ. ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಕ್ಕರಕಿ ಸೊಪ್ಪಿನ ಕಟ್ಟನ್ನು ಬಿಚ್ಚಿ, ಅರ್ಧ ಅವಳ ಮುಂದೆ ತಳ್ಳಿದ. ಇದು ಅವರ ಕಡೆಯ ರೂಢಿ: ರೊಟ್ಟಿಯ ಜೊತೆ ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಎಲ್ಲವನ್ನೂ ಹಸಿಯಾಗಿಯೇ ಕಡಿಯುವುದು. ಒಲೆಗೆ ಏರದ್ದನ್ನು ಯಾರೂ ಅಡುಗೆಯೆಂದು ಎಣಿಸುವುದಿಲ್ಲ. ಉಪ್ಪು, ಹಸಿಮೆಣಸಿನಕಾಯಿಯ ಹಾಗೆ ಅದು ತಟ್ಟೆಯ ಅಂಚಿನಲ್ಲಿ ಇರುವಂಥದ್ದು.

ಸರ್ವಮಂಗಳಾ ಒಂದು ಹಿಡಿ ಎಲೆ ಬಾಯಿಗಿಟ್ಟು ಎರಡು ಸಲ ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು.

"ಏನಾತು?"

ಅವಳು ಎಡಗೈಯಲ್ಲಿ ಮೊಬೈಲ್ ತೆಗೆದುಕೊಂಡಳು. ರೋಣದಿಂದ ಅಕ್ಕ ಶಿವವ್ವ ಬಸ್ಸಿಗೆ ಹಾಕಿ ಕಳಿಸುವ ಹಕ್ಕರಕಿ ತಪ್ಪಲಿನ ಗಂಟು ಬಂದಾಗಲೆಲ್ಲ ಪಾರ್ಸೆಲ್ ಕಚೇರಿಯಿಂದ ಸಂದೇಶ ಬರುತ್ತದೆ. ಈ ಚಳಿಗಾಲದಲ್ಲೇ ಅಕ್ಕ ಕಳಿಸಲು ಶುರು ಮಾಡಿದ್ದು. ಅವಳ ಹಿತ್ತಲಿಗೆ ಕೊಳವೆಬಾವಿಯ ನೀರು ಬಂದದ್ದೇ ದೀಪಾವಳಿ ಹೊತ್ತಿಗೆ. ಸಂದೇಶಗಳು ಮೂರಿದ್ದವು. ನವೆಂಬರ್ 30, ಜನವರಿ 11, ಜನವರಿ 25. ಮೂರೂ ಭಾನುವಾರ. ಡಿಸೆಂಬರ್ ಪೂರ್ತಿ ಅಕ್ಕ ಮಗಳ ಬಾಣಂತನಕ್ಕೆ ಹೋಗಿದ್ದಳು, ಗಂಟು ಬಂದಿರಲಿಲ್ಲ. ಬಾಡುವ ಮೊದಲು ಮುಗಿಸಬೇಕೆಂದು ಗಂಟು ಬಂದ ಮೂರು ನಾಲ್ಕು ದಿನ ಇಬ್ಬರೂ ಹೊತ್ತುಹೊತ್ತಿಗೂ ಕಟ್ಟುಗಟ್ಟಲೆ ತಿನ್ನುತ್ತಿದ್ದರು. ಬುಧವಾರ ಅವಳು ರಕ್ತ ಕೊಡುತ್ತಿದ್ದಳು.

"ಡಿಸೆಂಬರ್ ಮೂರಕ್ಕ ಕಡಿಮಿ. ಜನವರಿ ಹದಿನಾಲ್ಕಕ್ಕ ಕಡಿಮಿ. ನಿನ್ನೆ ಕಡಿಮಿ. ಗಂಟು ಬಂದಾಗೊಮ್ಮೆ ಇಳದೈತಿ ನೋಡ್ರೀ. ಗಂಟು ಬರಲಾರದಾಗ ಡೋಸ್ ಏರಿಸ್ಯಾರ, ಅದಕ್ಕ ಮೂರು ದಾಟೈತಿ. ಗುಳಿಗಿ ತಪ್ಪಲ್ಲ ಇದು. ನಾವು ಪಾಲಕ್ ಬಿಟ್ಟು ಹಕ್ಕರಕಿ ತಿಂದೀವಿ."

ಚನ್ನವೀರ ತನ್ನ ಕೈಯಲ್ಲಿದ್ದ ಎಲೆಗಳನ್ನು ನೋಡಿದ. "ಇದೂ ಲೆಕ್ಕಕ್ಕ ಬರ್ತೈತೇನು?"

"ನಾನೂ ಬರಂಗಿಲ್ಲ ಅಂತ ತಿಳ್ಕೊಂಡಿದ್ದೆ."

ಎಂಟು ಗಂಟೆಗೆ ಅವಳು ವಾರ್ಫರಿನ್ ನುಂಗಿದಳು. ಅವನು ಬೇಡವೆನ್ನಲಿಲ್ಲ. ನೀರಿನ ಲೋಟವನ್ನೂ ಅವನೇ ಕೊಟ್ಟ.

ಶುಕ್ರವಾರ ಬೆಳಿಗ್ಗೆ ತನ್ನ ಬಸ್ಸಿನ ಡ್ರೈವರ್ ದಿನೇಶ್‌ಗೆ ಫೋನ್ ಮಾಡಿ, ಇವತ್ತು ಎರಡನೇ ಪಾಳಿಗೆ ಬರುವುದಾಗಿ ಹೇಳಿದಳು.

"ಏನಕ್ಕಾ, ಹಾಸ್ಪಿಟಲ್‌ನೋರ ಜೊತೆ ಜಗಳಾನಾ? ವಾಯ್ಸ್ ಕೇಳಿದ್ರೇ ಗೊತ್ತಾಗುತ್ತೆ ಗುರು."

"ಜಗಳ ಅಲ್ಲೋ ದಿನೇಶ. ಚೆಕಿಂಗ್."

"ಪಾಪ ಡಾಕ್ಟ್ರು," ಎಂದು ಅವನು ನಕ್ಕ.

ಹತ್ತಕ್ಕೆ ಐದು ನಿಮಿಷವಿರುವಾಗ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಮೊದಲ ಮಹಡಿಯಲ್ಲಿದ್ದರು. ಕೌಂಟರಿನ ಹುಡುಗಿ ಲಿಖಿತಾ ತಲೆಯಾಡಿಸಿದಳು. "ಟೋಕನ್ ಇಲ್ದೆ ಒಳಗೆ ಬಿಡೋಕಾಗಲ್ಲ ಮೇಡಂ. ನಿಮ್ದು ನಿನ್ನೆ ಆಗೋಯ್ತಲ್ಲ."

"ಟಿಕೆಟ್ ಇಲ್ಲದವರನ್ನ ನಾನೂ ಬಿಡಂಗಿಲ್ಲವಾ ತಂಗಿ. ಟೋಕನ್ ಕೊಡು, ತಗೋತೀನಿ. ಆದ್ರ ಡಾಕ್ಟರ್‌ಗೆ ಈಗ ಒಂದು ಮಾತು ಹೇಳು: ನಿನ್ನೆ ಗುಳಿಗಿ ಬದ್ಲಿ ಮಾಡಿದ ಹೆಣ್ಮಗಳು, ಐಎನ್‌ಆರ್ ಒಂದೂವರಿ, ಹೊಸ ಗುಳಿಗಿ ತಗೊಂಡಿಲ್ಲ."

ಹುಡುಗಿ ಒಳಗೆ ಹೋಗಿ ಬಂದಳು. ಟೋಕನ್ ಕೊಡಲಿಲ್ಲ, ಬಾಗಿಲು ತೆಗೆದಳು.

"ತಗೊಂಡಿಲ್ಲ ಅಂದ್ರೆ ಏನ್ ಮೇಡಂ?" ಶಿವಕಿರಣ್ ಈ ಸಲ ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದರು. "ಒನ್ ಪಾಯಿಂಟ್ ಫೈವ್ ಇಟ್ಕೊಂಡು ರಿಸ್ಕ್ ತಗೊಂಡಿದ್ದೀರಲ್ಲ! ಗೂಗಲ್ ನೋಡಿದ್ರಾ?"

"ಇಲ್ರಿ. ನೀವು ಕೊಟ್ಟ ಔಷಧದ ಡಬ್ಬಿ ನೋಡಿದೆ." ಅವಳು ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ನಿನಲ್ಲಿ ಗೆರೆ ಎಳೆದ ಸಾಲನ್ನು ತೋರಿಸಿದಳು. ಅದರ ಪಕ್ಕಕ್ಕೆ ಎರಡನೇ ಪುಟ ಇಟ್ಟಳು. "ಈಗ ಇದು. ಮೂರೂ ಪಾಸಿಟಿವ್. ಹನ್ನೆರಡು ವಾರ ಆದ ಮ್ಯಾಲ ಮತ್ತ ಮೂರೂ ಪಾಸಿಟಿವ್."

ಅವರು ಓದಿದರು. ಮತ್ತೊಮ್ಮೆ ಓದಿದರು. ಪರದೆಯ ಮೇಲೆ ಅವಳ ದಾಖಲೆ ತೆರೆದು, ಸ್ಕ್ಯಾನ್ ಮಾಡಿದ ಹುಬ್ಬಳ್ಳಿ ವರದಿಯನ್ನು ಹಿಂದೆ ಮುಂದೆ ಮಾಡಿದರು. ಅದರಲ್ಲಿ ಒಂದೇ ಪುಟವಿತ್ತು. ಕಾಲಿನ ಅಭಿಧಮನಿಯಲ್ಲಿ ಹೆಪ್ಪು, ಶ್ವಾಸಕೋಶದಲ್ಲಿ ಹೆಪ್ಪು, ಅಷ್ಟೇ.

"ಎರಡನೇ ಪೇಜ್ ಅಪ್‌ಲೋಡ್ ಆಗಿಲ್ಲ," ಎಂದರು ಮೆಲ್ಲಗೆ.

"ನಿನ್ನೆ ಫೈಲ್‌ನಾಗ ಇತ್ರಿ. ನಿಮ್ಮ ಮೇಜಿನ ಮ್ಯಾಲ."

ಅವರು ಫೋನ್ ಎತ್ತಿ ಮೇಲಿನ ಮಹಡಿಯ ರಕ್ತರೋಗ ತಜ್ಞೆಯನ್ನು ಕರೆದರು. ಹತ್ತು ನಿಮಿಷದಲ್ಲಿ ಡಾ. ಮಧುಮತಿ ಬಂದರು. ಐವತ್ತು ದಾಟಿದ, ಗಡಿಬಿಡಿಯಿಲ್ಲದ ಹೆಂಗಸು. ನಿಂತೇ ಎರಡೂ ಕಾಗದ ಓದಿದರು.

"ಹೊಸ ಮಾತ್ರೆ ಒಂದೂ ತಗೊಂಡಿಲ್ಲ ತಾನೆ?"

"ಇಲ್ರಿ."

"ಒಳ್ಳೇದಾಯ್ತು. ಮೂರೂ ಪಾಸಿಟಿವ್ ಇರೋರಿಗೆ ಹೊಸದು ಕೊಟ್ಟು ಒಂದು ಅಧ್ಯಯನ ಮಾಡಿದ್ರು. ವಾರ್ಫರಿನ್‌ನೋರಿಗಿಂತ ಇವರಿಗೇ ಜಾಸ್ತಿ ಹೆಪ್ಪುಗಟ್ತಿದೆ, ಸ್ಟ್ರೋಕ್ ಆಗ್ತಿದೆ ಅಂತ ಅರ್ಧಕ್ಕೇ ನಿಲ್ಲಿಸಿದ್ರು. ನಿಮಗೆ ವಾರ್ಫರಿನ್ನೇ. ಆದ್ರೆ ಈಗಿರೋ ಒಂದೂವರೆ ಸಾಲ್ದು. ಎರಡು ದಾಟೋವರೆಗೂ ಹೊಟ್ಟೆ ಚರ್ಮಕ್ಕೆ ಇಂಜೆಕ್ಷನ್, ದಿನಕ್ಕೆ ಎರಡು ಸಲ. ಸೋಮವಾರ ಮತ್ತೆ ರಕ್ತ ಕೊಡಿ. ಆದ್ರೆ ಯಾಕಿಷ್ಟು ಏರಿಳಿತ?"

ಸರ್ವಮಂಗಳಾ ತಾರೀಖುಗಳನ್ನು ಹೇಳಿದಳು. ಬಸ್ಸಿನ ಪಾರ್ಸೆಲ್, ಭಾನುವಾರ, ಬುಧವಾರ, ಹಕ್ಕರಕಿ. ಮಧುಮತಿ ಮೊಬೈಲಿನ ಸಂದೇಶಗಳನ್ನೂ ಐಎನ್‌ಆರ್ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು ನೋಡಿದರು.

"ಹಂಗಾದ್ರೆ ಸಿಂಪಲ್," ಎಂದರು ಶಿವಕಿರಣ್. "ಆ ಎಲೆ ಪೂರ್ತಿ ನಿಲ್ಲಿಸ್ಬಿಡಿ."

"ನಿಲ್ಸಂಗಿಲ್ರಿ," ಎಂದಳು ಸರ್ವಮಂಗಳಾ.

ಚನ್ನವೀರ ಅವಳ ಮೊಣಕೈ ಮುಟ್ಟಿದ. ಅವಳು ಕೈ ಸರಿಸಿಕೊಂಡಳು.

"ಸೊಪ್ಪು ಬಿಡು ಅಂದ್ರಿ, ಬಿಟ್ಟೆ. ಬಿಟ್ಟದ್ದಕ್ಕ ಇದೊಂದ ಉಳೀತು, ಅದನ್ನ ಕಟ್ಟುಗಟ್ಟಲೆ ತಿಂದೆ. ಹದಿನೈದು ದಿನ ಉಪವಾಸ, ಮೂರು ದಿನ ಹಬ್ಬ. ಅದರ ಬದ್ಲಿ ದಿನಾ ಒಂದು ಹಿಡಿ ತಿಂತೀನಿ. ಒಂದ ಹಿಡಿ. ಊರಿಂದ ಬರಲಿಲ್ಲ ಅಂದ್ರ ಇಲ್ಲೇ ಮೆಂತ್ಯ ತಗೋತೀನಿ. ಅದಕ್ಕ ಸರಿಯಾಗಿ ಗುಳಿಗಿ ಹಚ್ರಿ. ಆಗಂಗಿಲ್ಲೇನ್ರಿ?"

ಶಿವಕಿರಣ್ ಹಿರಿಯ ವೈದ್ಯೆಯ ಮುಖ ನೋಡಿದರು.

"ಆಗುತ್ತೆ," ಎಂದರು ಮಧುಮತಿ. "ದಿನಾ ಒಂದೇ ಅಳತೆ ಇರ್ಬೇಕು, ಅದೇ ಮುಖ್ಯ. ಆ ಅಳತೆಗೆ ಡೋಸ್ ಕೂರಿಸ್ಬಹುದು." ಅವರು ಹೊರಡುತ್ತ ಶಿವಕಿರಣ್‌ಗೆ, "ದಾಖಲೆ ಸರಿಮಾಡಿ," ಎಂದಷ್ಟೇ ಹೇಳಿದರು.

ಶಿವಕಿರಣ್ ಟೈಪ್ ಮಾಡಿದರು. ಪಕ್ಕದ ಯಂತ್ರದಿಂದ ಹಾಳೆ ಹೊರಬಂತು. "ಇಲ್ಲಿ ಸೈನ್ ಮಾಡಿ ಮೇಡಂ, ಇಂಜೆಕ್ಷನ್ ರೂಮ್ ಎಡಗಡೆ."

ಸರ್ವಮಂಗಳಾ ಸಹಿ ಮಾಡುವ ಮೊದಲು ಓದಿದಳು. ಇಂಗ್ಲಿಷಿನ ಮೂರು ಸಾಲು. ರೋಗಿಯು ಹೊಸ ಔಷಧವನ್ನು ನಿರಾಕರಿಸಿದ್ದಾರೆ. ರೋಗಿಯ ಕೋರಿಕೆಯ ಮೇರೆಗೆ ವಾರ್ಫರಿನ್ ಮುಂದುವರಿಸಲಾಗಿದೆ. ಇಂಜೆಕ್ಷನ್ ಆರಂಭಿಸಲಾಗಿದೆ.

ಅವಳು ಪೆನ್ನು ಕೆಳಗಿಟ್ಟಳು.

"ಇದು ಹಿಂಗ ಅಲ್ರಿ."

"ನೀವು ತಗೊಳ್ಳಲ್ಲ ಅಂದ್ರಿ. ಅದನ್ನೇ ಬರ್ದಿದ್ದೀನಿ."

"ನಾ ನಿರಾಕರಿಸಿಲ್ರಿ. ಔಷಧದ ಡಬ್ಬಿನ ನನ್ನ ನಿರಾಕರಿಸೈತಿ. ಅದನ್ನ ಬರೀರಿ."

"ಮೇಡಂ, ಹೊರಗೆ ಇಪ್ಪತ್ತು ಜನ ಕಾಯ್ತಿದ್ದಾರೆ. ಸಂಜೆ ಸರಿಮಾಡ್ತೀನಿ."

"ನಾಳೆ ನಾ ಎಚ್ಚರ ಇಲ್ದ ಇಲ್ಲಿಗೆ ಬರ್ತೀನಿ ಅಂತ ಇಟ್ಕೋರಿ. ನಿಮ್ಮ ಕುರ್ಚ್ಯಾಗ ಬ್ಯಾರೇದವರು ಇರ್ತಾರ. ಫೈಲ್ ಬ್ಯಾಡ, ಸಿಸ್ಟಮ್‌ನಾಗ ಐತಿ ಅಂತಾರ. ಇದನ್ನ ಓದಿ, ಹಟಮಾರಿ ಹೆಂಗಸು, ಆಗ ಬ್ಯಾಡ ಅಂದಿದ್ಲು, ಈಗ ಕೊಡೂಣು ಅಂತ ಅದ ಗುಳಿಗಿ ನನ್ನ ಬಾಯಾಗ ಹಾಕ್ತಾರ. ಅವಾಗ ಬ್ಯಾಡ ಅನ್ನಾಕ ನನಗ ನಾಲಿಗಿ ಇರಂಗಿಲ್ಲ." ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದು ಕೂತಳು. "ಈಗ ಟೈಪ್ ಮಾಡ್ರಿ. ನಾ ಕುಂತೀನಿ."

ಬಾಗಿಲು ಅರ್ಧ ತೆರೆದು ಒಬ್ಬ ಮುದುಕ ಇಣುಕಿದರು. "ಏನಮ್ಮಾ, ಒಳಗೇ ಮನೆ ಮಾಡ್ಕೊಂಡ್ಬಿಟ್ರಾ?"

"ಒಂದ ಸ್ಟಾಪ್ ಐತ್ರಿ ಅಜ್ಜಾರ. ಇಳೀತೀನಿ."

ಲಿಖಿತಾ ಬಂದು ಮುದುಕರನ್ನು ಕರೆದುಕೊಂಡು ಹೋದಳು. ಚನ್ನವೀರ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ. ಈಗ ಮುಂದೆ ಬಂದು, ಎರಡನೇ ಪುಟವನ್ನು ಮೇಜಿನಿಂದ ಎತ್ತಿ ವೈದ್ಯರ ಕೈಗೇ ಕೊಟ್ಟ.

"ಇದನ್ನ ಸ್ಕ್ಯಾನ್ ಮಾಡಸ್ರಿ ಸರ. ಹಿಂದಿನ ಮಗ್ಗಲಾನೂ."

ಶಿವಕಿರಣ್ ಹಾಳೆ ಹರಿದು ಹಾಕಿ ಹೊಸದಾಗಿ ಬರೆದರು. ಬರೆಯುತ್ತ ಬರೆಯುತ್ತ, ತಾವಾಗಿಯೇ, ಪರದೆಯನ್ನು ಅವಳ ಕಡೆ ತಿರುಗಿಸಿದರು. ದಾಖಲೆಯ ತುದಿಯಲ್ಲಿ, ಅಲರ್ಜಿ ಬರೆಯುವ ಕೆಂಪು ಪಟ್ಟಿಯಲ್ಲಿ, ಕಾಯಿಲೆಯ ಪೂರ್ತಿ ಹೆಸರು ಬಂತು. ಮೂರೂ ಪರೀಕ್ಷೆ ಪಾಸಿಟಿವ್, ಎರಡು ಬಾರಿ ದೃಢಪಟ್ಟಿದೆ. ಹೊಸ ಬಗೆಯ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಕೊಡಬಾರದು. ಜನವರಿ 29ರಂದು ಬರೆದುಕೊಟ್ಟಿದ್ದು ವರದಿಯ ಎರಡನೇ ಪುಟ ನೋಡದೆ, ಹಿಂಪಡೆಯಲಾಗಿದೆ. ಕೊನೆಯ ಸಾಲನ್ನು ಬರೆಯಿರೆಂದು ಅವಳು ಕೇಳಿರಲಿಲ್ಲ.

"ಸರಿ ಇದೆಯಾ?"

ಅವಳು ಬೆರಳಿಟ್ಟು ಪೂರ್ತಿ ಓದಿದಳು. "ಸರಿ ಐತ್ರಿ," ಎಂದು ಸಹಿ ಮಾಡಿದಳು. ಒಂದು ಪ್ರತಿ ಕೇಳಿ ತೆಗೆದುಕೊಂಡಳು.

ಇಂಜೆಕ್ಷನ್ ಕೋಣೆಯಲ್ಲಿ ನರ್ಸ್ ಹೊಕ್ಕುಳಿನಿಂದ ಮೂರು ಬೆರಳು ದೂರದಲ್ಲಿ ಚರ್ಮವನ್ನು ಎತ್ತಿ ಹಿಡಿದು, "ಮುಖ ಆ ಕಡೆ ತಿರುಗಿಸ್ಕೊಳ್ಳಿ ಅಕ್ಕಾ, ಭಯ ಆಗಲ್ಲ," ಎಂದಳು. ಚನ್ನವೀರ ಆಗಲೇ ಕಿಟಕಿಯ ಕಡೆ ತಿರುಗಿದ್ದ.

"ನಾ ಯಾಕ ತಿರುಗ್ಲಿ?" ಎಂದಳು ಸರ್ವಮಂಗಳಾ. "ರಾತ್ರೀದು ಪಾಳಿ ನಡುವ ಬಸ್‌ಸ್ಟ್ಯಾಂಡಿನಾಗ ನಾನ ಚುಚ್ಕೋಬೇಕು. ನಿಧಾನ ಮಾಡಿ ತೋರಸು."